ಮೂರನೇ ಆಂಟೆನಾ

ಪಿಯುಸಿ ಮೊದಲ ವರ್ಷದ ಭೌತಶಾಸ್ತ್ರದ ಲ್ಯಾಬು. ನೂಲಿಗೆ ಕಟ್ಟಿದ ಗುಂಡನ್ನು ಸ್ವಲ್ಪ ಪಕ್ಕಕ್ಕೆಳೆದು ಬಿಡಬೇಕು, ಇಪ್ಪತ್ತು ಸಲ ತೂಗಾಡಲು ಎಷ್ಟು ಸೆಕೆಂಡು ಹಿಡಿಯಿತೆಂದು ಸ್ಟಾಪ್‌ವಾಚಿನಲ್ಲಿ ನೋಡಬೇಕು, ಅದರಿಂದ ಗುರುತ್ವದ 'ಜಿ' ಬೆಲೆಯನ್ನು ಲೆಕ್ಕ ಹಾಕಬೇಕು. ಉತ್ತರ 980 ಬರಬೇಕು ಎನ್ನುವುದು ಗುಂಡಿಗೆ ನೂಲು ಕಟ್ಟುವ ಮೊದಲೇ ಎಲ್ಲರಿಗೂ ಗೊತ್ತು. ನನಗೆ 1086 ಬಂತು. ನೂಲಿನ ಉದ್ದ ಬದಲಿಸಿ ನೋಡಿದೆ. ಮತ್ತೆ ಅದರ ಆಸುಪಾಸಿನದೇ ಸಂಖ್ಯೆ. ಮೂರನೇ ಸಲವೂ ಅಷ್ಟೇ. ಗಂಟೆ ಹೊಡೆಯಲು ಹತ್ತು ನಿಮಿಷ ಇತ್ತು. ಪಕ್ಕದ ಬೆಂಚಿನ ಗೆಳೆಯ ಮೆಲ್ಲಗೆ ಹೇಳಿದ: "ಹಿಂದಿನಿಂದ ಬಾರೋ."

ಹಿಂದಿನಿಂದ ಬರುವುದೆಂದರೆ 980 ಅನ್ನು ಮೊದಲು ಬರೆದುಕೊಂಡು, ಅದು ಬರಲು ಗಡಿಯಾರ ಎಷ್ಟು ತೋರಿಸಬೇಕಿತ್ತು ಎಂದು ಲೆಕ್ಕ ಹಾಕುವುದು. 100 ಸೆಂಟಿಮೀಟರ್ ನೂಲಿಗೆ 40.1 ಸೆಕೆಂಡು ಬರುತ್ತದೆ. ನನ್ನ ಪುಸ್ತಕದಲ್ಲಿ 38.1 ಎಂದಿತ್ತು. ರಬ್ಬರಿನಿಂದ ಅಳಿಸಿದೆ. ಅನುಮಾನ ಬರದಿರಲಿ ಎಂದು ಒಂದು ಕಡೆ 40.2 ಎಂದೂ ಇನ್ನೊಂದು ಕಡೆ 40.0 ಎಂದೂ ಬರೆದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ರೈಟು ಹಾಕಿ ಸಹಿ ಮಾಡಿದರು.

ಎಷ್ಟೋ ವರ್ಷಗಳ ಮೇಲೆ, ಮನೆಯ ಮಗುವೊಂದು ಮೆಟ್ಟಿಲು ಎಣಿಸುತ್ತಾ ಹತ್ತುವುದನ್ನು ನೋಡುವಾಗ ಥಟ್ಟನೆ ಹೊಳೆಯಿತು. ಅದು ಇನ್ನೂ ಕಾಲೆತ್ತುವ ಮೊದಲೇ, ನಿಂತ ನೆಲವನ್ನೇ 'ಒಂದು' ಎನ್ನುತ್ತಿತ್ತು. ನಾನೂ ಗುಂಡು ಬಿಟ್ಟ ಕ್ಷಣಕ್ಕೇ 'ಒಂದು' ಎಂದಿದ್ದೆ. 'ಸೊನ್ನೆ' ಅನ್ನಬೇಕಿತ್ತು. ನಾನು 'ಇಪ್ಪತ್ತು' ಎಂದಾಗ ಗುಂಡು ತೂಗಿದ್ದು ಹತ್ತೊಂಬತ್ತೇ ಸಲ. ಹತ್ತೊಂಬತ್ತರ ಸಮಯವನ್ನು ಇಪ್ಪತ್ತರದ್ದೆಂದು ಲೆಕ್ಕ ಹಾಕಿದರೆ 980 ಸರಿಯಾಗಿ 1086 ಆಗುತ್ತದೆ. ಬೇಕಿದ್ದರೆ ಕಾಗದ ಪೆನ್ನು ತೆಗೆದುಕೊಂಡು ನೋಡಿ. ನನ್ನ ತಪ್ಪಿಗೆ ಒಂದು ಆಕಾರವಿತ್ತು. ನೂಲಿನ ಉದ್ದ ಎಷ್ಟೇ ಇರಲಿ, ಅದೇ ಪ್ರಮಾಣದಲ್ಲಿ ಬರುತ್ತಿತ್ತು. ಮೇಷ್ಟ್ರಿಗೆ ಮೋಸ ಮಾಡಿದ್ದು ಈಗ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ನಾನು ಒಂದರಿಂದ ಎಣಿಸುವವನು ಎಂದು ಹೇಳಬಲ್ಲ ಒಂದೇ ಸಾಕ್ಷ್ಯವನ್ನು ನಾನೇ ಉಜ್ಜಿ ಹಾಕಿದೆನಲ್ಲ, ಅದು ಕಾಡುತ್ತದೆ.

ರೇಡಿಯೊ ದೂರದರ್ಶಕಗಳನ್ನು ಹೇಗೆ ಯೋಜಿಸುತ್ತಾರೆ, ಹೇಗೆ ತಾಳೆ ನೋಡಿ ಸರಿಪಡಿಸುತ್ತಾರೆ ಎಂದು ಈಚೆಗೆ ಓದುತ್ತಿದ್ದಾಗ ಆ ರಬ್ಬರು ಮತ್ತೆ ಮತ್ತೆ ನೆನಪಾಯಿತು. ಅಲ್ಲಿರುವ ಕಷ್ಟ ನನ್ನ ಲ್ಯಾಬಿನದಕ್ಕಿಂತ ದೊಡ್ಡದು. ನನಗಾದರೆ ಸರಿಯಾದ ಉತ್ತರ ಪಠ್ಯಪುಸ್ತಕದಲ್ಲಿತ್ತು. ಆಕಾಶಕ್ಕೆ ಪಠ್ಯಪುಸ್ತಕವಿಲ್ಲ. ಅದನ್ನು ಕಾಣುವುದು ಉಪಕರಣದ ಮೂಲಕವೇ. ಉಪಕರಣ ಸರಿಯಿದೆಯೇ ಎಂದು ನೋಡಬೇಕಾದದ್ದೂ ಬಹುಮಟ್ಟಿಗೆ ಆಕಾಶವನ್ನು ನೋಡಿಯೇ. ಹಾಗಾದರೆ ಕಂಡದ್ದರಲ್ಲಿ ಆಕಾಶದ್ದೆಷ್ಟು, ನಮ್ಮದೆಷ್ಟು?

ಪುಣೆಯಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ, ನಾರಾಯಣಗಾಂವ್ ಹತ್ತಿರದ ಖೋಡದ್ ಎಂಬ ಹಳ್ಳಿಯ ಸುತ್ತಮುತ್ತ ಜಿಎಂಆರ್‌ಟಿ ಇದೆ. ಗೋವಿಂದ್ ಸ್ವರೂಪ್ ಅವರ ಮುಂದಾಳುತನದಲ್ಲಿ ಕಟ್ಟಿದ್ದು. 45 ಮೀಟರ್ ಅಗಲದ ಮೂವತ್ತು ತಟ್ಟೆಗಳು. ತಟ್ಟೆ ಎಂದರೆ ತಗಡಲ್ಲ, ಹಗ್ಗದಂತೆ ಬಿಗಿದ ತಂತಿಗಳ ಮೇಲೆ ಎಳೆದು ಕಟ್ಟಿದ ತೆಳು ಉಕ್ಕಿನ ಜಾಲರಿ. ಗಾಳಿ ಅದರೊಳಗೆ ತೂರಿ ಹೋಗುತ್ತದೆ. ಅಂಗೈಗಿಂತ ಉದ್ದದ ಅಲೆಗಳಿಗೆ ಆ ಸಣ್ಣ ತೂತುಗಳು ಲೆಕ್ಕಕ್ಕೇ ಇಲ್ಲ. ಗಾಳಿಯ ಹೊಡೆತ ಕಡಿಮೆಯಾದರೆ ಉಕ್ಕು ಕಡಿಮೆ, ಖರ್ಚು ಕಡಿಮೆ. ಒಂದೊಂದು ಅಗ್ಗವಾದದ್ದರಿಂದಲೇ ಮೂವತ್ತು ಕಟ್ಟಲು ಸಾಧ್ಯವಾಯಿತು. ಮೂವತ್ತೇಕೆ ಬೇಕಿತ್ತು ಎಂಬ ಮಾತಿಗೆ ಆಮೇಲೆ ಬರುತ್ತೇನೆ.

ಮೂವತ್ತರಲ್ಲಿ ಹದಿನಾಲ್ಕನ್ನು ಸುಮಾರು ಒಂದು ಚದರ ಕಿಲೋಮೀಟರಿನೊಳಗೆ ಒತ್ತೊತ್ತಾಗಿ ಇಟ್ಟಿದ್ದಾರೆ. ಉಳಿದ ಹದಿನಾರು ಇಂಗ್ಲಿಷಿನ 'ವೈ' ಅಕ್ಷರದ ಮೂರು ತೋಳುಗಳಲ್ಲಿ ಹರಡಿವೆ. ತುದಿಯಿಂದ ತುದಿಗೆ ಸುಮಾರು 25 ಕಿಲೋಮೀಟರ್. ದೂರದ ಜೋಡಿಗಳು ಸೂಕ್ಷ್ಮ ವಿವರಗಳನ್ನು ಹಿಡಿಯುತ್ತವೆ, ಹತ್ತಿರದ ಜೋಡಿಗಳು ಹರಡಿಕೊಂಡ ಮಸುಕನ್ನು ಹಿಡಿಯುತ್ತವೆ. ಎಲ್ಲವನ್ನೂ ದೂರದೂರ ಇಟ್ಟಿದ್ದರೆ ಆಕಾಶದಲ್ಲಿ ಅಗಲವಾಗಿ, ನಯವಾಗಿ ಚೆಲ್ಲಿದ ಯಾವುದೂ ಕಾಣುತ್ತಲೇ ಇರಲಿಲ್ಲ. ಮಸುಕಾಗಿ ಕಾಣುವುದೂ ಅಲ್ಲ, ಇಲ್ಲವೇ ಇಲ್ಲ ಎಂಬಂತೆ ಜಾರಿಹೋಗುತ್ತದೆ. ಅತ್ಯಂತ ಹತ್ತಿರದ ಎರಡು ಆಂಟೆನಾಗಳ ನಡುವೆ 100 ಮೀಟರ್ ಇದ್ದರೆ, 21 ಸೆಂಟಿಮೀಟರಿನ ಅಲೆಯಲ್ಲಿ ಚಂದ್ರನಷ್ಟು ಅಗಲವಾಗಿ ಹರಡಿದ ನಯವಾದ ಬೆಳಕು ಆ ವ್ಯೂಹದ ಪಾಲಿಗೆ ಕತ್ತಲೆ. ನಾಳೆ ಯಾರೋ ಒಬ್ಬ ವಿದ್ಯಾರ್ಥಿ ಚಿತ್ರ ತೆಗೆದು 'ಇಲ್ಲೇನೂ ಇಲ್ಲ' ಎಂದರೆ, ಹಾಗೆ ಹೇಳಿಸುವುದು ಹಲವು ವರ್ಷ ಹಿಂದೆ ಹೊಲದಲ್ಲಿ ಗೂಟ ನೆಟ್ಟವರ ತೀರ್ಮಾನವೂ ಆಗಿರಬಹುದು. ಜಾಗ ಗುರುತು ಹಾಕುವಾಗಲೇ ಯಾವುದಕ್ಕೆ ಕುರುಡಾಗುತ್ತೇವೆ ಎಂಬುದೂ ನಿಗದಿಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಮೊದಲ ನೈತಿಕ ಪ್ರಶ್ನೆ ಇರುವುದು ಅಲ್ಲೇ, ಇನ್ನೂ ಒಂದು ತಟ್ಟೆಯೂ ಏಳದ ಜಾಗದಲ್ಲಿ.

ಇನ್ನು ಕ್ಯಾಲಿಬ್ರೇಶನ್. ಉಪಕರಣ ಹೇಳುವುದನ್ನು ಗೊತ್ತಿರುವ ಯಾವುದಕ್ಕೋ ತಾಳೆ ನೋಡಿ ಸರಿಪಡಿಸುವುದು. ಎರಡು ಆಂಟೆನಾಗಳಿಗೆ ಒಂದೇ ಅಲೆ ಎಷ್ಟು ಹಿಂದೆ ಮುಂದೆ ಬಂದು ಮುಟ್ಟಿತು ಎಂಬ ವ್ಯತ್ಯಾಸದಲ್ಲೇ ಚಿತ್ರವೆಲ್ಲ ಅಡಗಿದೆ. ಆಂಟೆನಾ ಇರುವ ಜಾಗದ ಲೆಕ್ಕ ಒಂದೇ ಒಂದು ಸೆಂಟಿಮೀಟರ್ ತಪ್ಪಿದರೂ 21 ಸೆಂಟಿಮೀಟರಿನ ಅಲೆಯಲ್ಲಿ ಸುಮಾರು 17 ಡಿಗ್ರಿ ತಪ್ಪು ಬಂದೀತು. ಮೇಲೆ ಅಯಾನುಗೋಳ ಹೊತ್ತುಹೊತ್ತಿಗೆ ಬದಲಾಗುತ್ತದೆ, ವಿದ್ಯುನ್ಮಾನ ಪೆಟ್ಟಿಗೆಗಳು ಬಿಸಿಲಿಗೆ ಒಂದು ಥರ, ರಾತ್ರಿಯ ತಂಪಿಗೆ ಇನ್ನೊಂದು ಥರ. ಹಾಗಾಗಿ ಖಗೋಳಜ್ಞರು ಮತ್ತೆ ಮತ್ತೆ ದೂರದರ್ಶಕವನ್ನು ಗೊತ್ತಿರುವ ಆಕರವೊಂದರ ಕಡೆಗೆ ತಿರುಗಿಸುತ್ತಾರೆ. 3ಸಿ 286 ಎಂಬ ಕ್ವೇಸಾರ್ ಅಂಥದ್ದು; ಅದರ ಪ್ರಖರತೆ ಎಷ್ಟೆಂದು ಪಟ್ಟಿಯಲ್ಲಿದೆ. ಅದಕ್ಕೆ ತಾಳೆಯಾಗುವಂತೆ ಉಪಕರಣವನ್ನು ಹೊಂದಿಸಿಕೊಂಡು ಬೇಕಾದ ಕಡೆ ನೋಡುತ್ತಾರೆ.

ಸರಿ, ಆ ಪಟ್ಟಿಯನ್ನು ಮಾಡಿದವರು ಯಾರು? ಅದಕ್ಕಿಂತ ಹಿಂದಿನ ಆಕರಗಳಿಗೆ ಹೋಲಿಸಿ ಮಾಡಿದ್ದು. ಅವುಗಳನ್ನು? ಕಾಸಿಯೋಪಿಯ ಎ ಮೊದಲಾದ ಕೆಲವು ಪ್ರಖರ ಆಕರಗಳನ್ನು, ಆಕಾರ ನೋಡಿಯೇ ಶಕ್ತಿಯನ್ನು ಲೆಕ್ಕ ಹಾಕಬಹುದಾದ ಸರಳ ಆಂಟೆನಾಗಳಿಂದ ಅಳೆದದ್ದು. ಅದರಲ್ಲೂ ಕಾಸಿಯೋಪಿಯ ಎ ಸತ್ತ ನಕ್ಷತ್ರವೊಂದರ ಅವಶೇಷ, ವರ್ಷ ವರ್ಷ ಮಂಕಾಗುತ್ತಾ ಇದೆ. ತೂಕದ ಕಲ್ಲೇ ಸವೆಯುತ್ತಿರುವ ಅಂಗಡಿ ಎನ್ನಿ.

ನಮ್ಮ ದರ್ಶನಗಳನ್ನು ಓದಿದವರಿಗೆ ಈ ದಾರಿ ಹೊಸದಲ್ಲ. ಒಂದು ಜ್ಞಾನ ಸರಿಯಾದದ್ದೆಂದು ಗೊತ್ತಾಗುವುದು ಹೇಗೆ ಎಂದು ಮೀಮಾಂಸಕರೂ ನೈಯಾಯಿಕರೂ ಶತಮಾನಗಳ ಕಾಲ ಜಗಳವಾಡಿದರು. ಜ್ಞಾನ ತನ್ನಿಂದ ತಾನೇ ಪ್ರಮಾಣ, ಅದನ್ನು ಸುಳ್ಳಾಗಿಸುವ ಇನ್ನೊಂದು ಎದುರಾಗುವವರೆಗೆ ನಂಬಬೇಕು ಎಂದು ಮೀಮಾಂಸಕರು. ಇದು ಸ್ವತಃಪ್ರಾಮಾಣ್ಯ. ಇಲ್ಲ, ಪ್ರಮಾಣವೆಂಬುದು ಹೊರಗಿನಿಂದ ತಿಳಿಯಬೇಕು ಎಂದು ನೈಯಾಯಿಕರು. ಹೊರಗಿನಿಂದ ಎಂದರೆ ಅದಕ್ಕೆ ಮತ್ತೊಂದು ಸಾಕ್ಷಿ, ಆ ಸಾಕ್ಷಿಗೆ ಇನ್ನೊಂದು, ಕೊನೆಯೆಲ್ಲಿ, ಇದು ಅನವಸ್ಥೆಯಲ್ಲವೇ ಎಂದು ಮೀಮಾಂಸಕರ ಆಕ್ಷೇಪ. ನೈಯಾಯಿಕರ ಉತ್ತರ ತುಂಬ ಲೌಕಿಕವಾದದ್ದು, ನನಗೆ ಬಹಳ ಇಷ್ಟ: ದೂರದಲ್ಲಿ ನೀರು ಕಂಡಿತೇ, ನಡೆದು ಹೋಗು, ಕುಡಿ, ಬಾಯಾರಿಕೆ ಇಂಗಿದರೆ ಕಂಡದ್ದು ನೀರೇ.

ರೇಡಿಯೊ ಖಗೋಳಜ್ಞರ ಸಂಕಟವೆಂದರೆ ಅವರು ನಡೆದು ಹೋಗುವಂತಿಲ್ಲ. ಕಂಡ ನೀರು ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರದಲ್ಲಿದೆ. ಆಗ ಉಳಿಯುವುದು ಎರಡು ದಾರಿ. ಒಂದು ಅಪಾಯಕಾರಿ, ಒಂದು ಚೆಲುವಾದದ್ದು. ತಮಾಷೆಯೆಂದರೆ ಇವೆರಡೂ ಒಂದೇ ಬೇರಿನಿಂದ ಬಂದವು.

ಚೆಲುವಾದದ್ದನ್ನು ಮೊದಲು ಹೇಳುತ್ತೇನೆ. ಇಂಗ್ಲೆಂಡಿನ ಜೊಡ್ರೆಲ್ ಬ್ಯಾಂಕಿನಲ್ಲಿ ರೋಜರ್ ಜೆನಿಸನ್ ಎಂಬವರಿದ್ದರು. ಅವರೂ ಬಂಗಾಳದಿಂದ ಹೋಗಿದ್ದ ಮೃಣಾಲ್ ಕುಮಾರ್ ದಾಸ್‌ಗುಪ್ತ ಅವರೂ ಸೇರಿ 1953ರಲ್ಲಿ, ಸಿಗ್ನಸ್ ಎ ಎಂಬ ಆಕರ ಒಂದು ಮುದ್ದೆಯಲ್ಲ, ಎರಡು ಪ್ರತ್ಯೇಕ ಭಾಗಗಳು ಎಂದು ಕಂಡುಹಿಡಿದರು. ಅದರ ಆಕಾರವನ್ನು ಇನ್ನೂ ನಿಖರವಾಗಿ ತಿಳಿಯಬೇಕೆಂದರೆ ಅಲೆಯ ಹಂತ ಬೇಕು, ಆದರೆ ಆ ಕಾಲದ ಉಪಕರಣಗಳಲ್ಲಿ ಹಂತ ನೆಟ್ಟಗೆ ನಿಲ್ಲುತ್ತಿರಲಿಲ್ಲ. 1958ರಲ್ಲಿ ಜೆನಿಸನ್ ಪ್ರಕಟಿಸಿದ ಉಪಾಯಕ್ಕೆ ಮೂರು ಆಂಟೆನಾ ಸಾಕು. ಒಂದಕ್ಕೆ 10 ಡಿಗ್ರಿ ತಪ್ಪಿದೆ ಎನ್ನಿ, ಎರಡನೆಯದಕ್ಕೆ 4, ಮೂರನೆಯದಕ್ಕೆ 7. ಯಾವುದಕ್ಕೆ ಎಷ್ಟು ತಪ್ಪಿದೆ ಎಂದು ಯಾರಿಗೂ ಗೊತ್ತಿಲ್ಲ. ಮೊದಲನೆಯದು ಎರಡನೆಯದರ ಜೊತೆ ಸೇರಿ ಹೇಳುವ ಮಾತಿನಲ್ಲಿ 6 ಡಿಗ್ರಿ ಹೆಚ್ಚು. ಎರಡನೆಯದು ಮೂರನೆಯದರ ಜೊತೆ ಹೇಳುವುದರಲ್ಲಿ 3 ಕಡಿಮೆ. ಮೂರನೆಯದು ಮತ್ತೆ ಮೊದಲನೆಯದರ ಜೊತೆ ಹೇಳುವುದರಲ್ಲೂ 3 ಕಡಿಮೆ. ಮೂರನ್ನೂ ಕೂಡಿಸಿ: ತಪ್ಪುಗಳ ಮೊತ್ತ ಸೊನ್ನೆ. ಉಳಿಯುವುದು ಆಕಾಶದ ಮಾತು ಮಾತ್ರ. ಯಾವ ತಪ್ಪನ್ನೂ ಸರಿಪಡಿಸಿಲ್ಲ, ಯಾರು ಎಷ್ಟು ತಪ್ಪಿದರೆಂದು ಕೇಳಿಯೂ ಇಲ್ಲ. ಆದರೂ ಮೂವರ ಸುತ್ತು ತಿರುಗಿ ಬಂದರೆ ಒಬ್ಬೊಬ್ಬರ ಸ್ವಂತ ದೋಷ ಮುಟ್ಟಲಾಗದ ಒಂದು ಸಂಗತಿ ಕೈಗೆ ಸಿಗುತ್ತದೆ. ಈಗ ಇದಕ್ಕೆ ಕ್ಲೋಶರ್ ಫೇಸ್ ಎನ್ನುತ್ತಾರೆ.

ನಿಜ ಹೇಳಬೇಕೆಂದರೆ, ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ನನಗೆ ನಿದ್ದೆ ಬರಲಿಲ್ಲ. ನಿಷ್ಪಕ್ಷಪಾತಿಯಾದ ಸಾಕ್ಷಿ ಸಿಕ್ಕರೆ ಮಾತ್ರ ಸತ್ಯ ಸಿಗುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಇಲ್ಲಿ ಮೂವರೂ ವಕ್ರವೇ.

ಆದರೆ ಬೆಲೆ ತೆರದೆ ಇದು ಸಿಗುವುದಿಲ್ಲ. ಆ ಮೊತ್ತದಿಂದ ಆಕರದ ಆಕಾರ ಗೊತ್ತಾಗುತ್ತದೆ, ಅದು ಆಕಾಶದಲ್ಲಿ ಎಲ್ಲಿದೆ ಎಂಬುದು ಗೊತ್ತಾಗುವುದಿಲ್ಲ. ಇಡೀ ಆಕರವನ್ನು ಅಷ್ಟು ದೂರ ಸರಿಸಿಟ್ಟರೂ ಮೊತ್ತ ಅಷ್ಟೇ ಇರುತ್ತದೆ. ಇನ್ನೊಂದು ಮಿತಿಯೂ ಇದೆ. ಅಳಿದುಹೋಗುವುದು ಒಂಟಿ ಆಂಟೆನಾದ ಸ್ವಂತ ತಪ್ಪು ಮಾತ್ರ. ಇಬ್ಬರು ಒಳಗೊಳಗೇ ಸೇರಿ ಮಾಡಿದ ತಪ್ಪು, ಎಂದರೆ ಒಂದೇ ಮೊಬೈಲ್ ಗೋಪುರದ ಗದ್ದಲ ಎರಡು ಆಂಟೆನಾಗಳಿಗೂ ಒಟ್ಟಿಗೆ ಹೊಕ್ಕರೆ, ಅದು ಹಾಗೆಯೇ ಉಳಿಯುತ್ತದೆ. ಸುತ್ತು ತಿರುಗಿದರೂ ಹೋಗುವುದಿಲ್ಲ.

ಈಗ ಮೂವತ್ತೇಕೆ ಎಂಬ ಪ್ರಶ್ನೆ. ಮೂರು ಆಂಟೆನಾ ಇದ್ದರೆ ಜೋಡಿಗಳು ಮೂರು, ಅದರಲ್ಲಿ ದೋಷ ಮುಟ್ಟದ ಸಂಗತಿ ಒಂದು. ನಾಲ್ಕಿದ್ದರೆ ಜೋಡಿ ಆರು, ಅಂಥ ಸಂಗತಿ ಮೂರು. ಮೂವತ್ತಿದ್ದರೆ ಜೋಡಿಗಳು 435, ಅದರಲ್ಲಿ 406 ಸುರಕ್ಷಿತ. ಸಾಕ್ಷಿಗಳು ಹೆಚ್ಚಿದಷ್ಟೂ ಅವರವರ ದೋಷಕ್ಕೆ ತೆರಬೇಕಾದ ಪಾಲು ಕರಗುತ್ತಾ ಹೋಗುತ್ತದೆ. ಒಂದೇ ಭಾರಿ ತಟ್ಟೆಗೆ ಹಣ ಸುರಿಯುವುದಕ್ಕಿಂತ ಜಾಲರಿಯ ಅಗ್ಗದ ತಟ್ಟೆಗಳನ್ನು ಹೆಚ್ಚು ನಿಲ್ಲಿಸಿದ್ದರಿಂದ ದೊರೆಯುವ ಲಾಭಗಳಲ್ಲಿ ಇದೂ ಒಂದು. ತಮ್ಮ ತಪ್ಪು ಹೊರಬೀಳಲು ಎಷ್ಟು ದಾರಿ ಬಿಟ್ಟುಕೊಡುತ್ತೇವೆ ಎಂಬುದು ಬಜೆಟ್ಟಿನ ಸಾಲಿನಲ್ಲೇ ತೀರ್ಮಾನವಾಗುತ್ತದೆ.

ಇನ್ನು ಅಪಾಯದ ದಾರಿ. ಇದರ ಹೆಸರು ಸೆಲ್ಫ್ ಕ್ಯಾಲಿಬ್ರೇಶನ್. ನೋಡುತ್ತಿರುವ ಆಕರವನ್ನೇ ತೂಕದ ಕಲ್ಲಾಗಿ ಬಳಸುವುದು. ಮೊದಲು ಆಕಾಶ ಹೀಗಿರಬಹುದು ಎಂದು ಒಂದು ಊಹೆ. ಅದು ನಿಜವಾದರೆ ಪ್ರತಿ ಆಂಟೆನಾ ಎಷ್ಟು ತಪ್ಪಿರಬೇಕು ಎಂಬ ಲೆಕ್ಕ. ಆ ತಪ್ಪನ್ನು ತೆಗೆದು ಹೊಸ ಚಿತ್ರ. ಆ ಚಿತ್ರವೇ ಮುಂದಿನ ಊಹೆ. ಹೀಗೆ ಸುತ್ತಬೇಕು. ಬೆಚ್ಚಿಬೀಳಬೇಡಿ, ಇದು ಬಹುತೇಕ ಸಲ ಅದ್ಭುತವಾಗಿ ಕೆಲಸ ಮಾಡುತ್ತದೆ, ಜಗತ್ತಿನ ಒಳ್ಳೆಯ ರೇಡಿಯೊ ಚಿತ್ರಗಳಲ್ಲಿ ಬಹಳಷ್ಟು ಹೀಗೇ ಬಂದವು. ಕಾರಣ ಆಗಲೇ ಹೇಳಿದ ಲೆಕ್ಕವೇ: 435 ಮಾತುಗಳಿವೆ, ಹೊಂದಿಸಿಕೊಳ್ಳಲು ಬಿಟ್ಟದ್ದು ಮೂವತ್ತು ಆಂಟೆನಾಗಳ ತಪ್ಪು ಮಾತ್ರ. ಊಹೆ ತಪ್ಪಾಗಿದ್ದರೆ ಉಳಿದ ನಾನೂರು ಮಾತುಗಳು ಕೂಗಿ ಹೇಳುತ್ತವೆ.

ಕೂಗುವಷ್ಟು ದನಿ ಅವಕ್ಕಿದ್ದರೆ, ಅಷ್ಟೆ. ಸಿಗ್ನಲ್ ತೀರ ಕ್ಷೀಣವಾಗಿದ್ದಾಗ, ಬರೀ ಗದ್ದಲವನ್ನೇ ಕೊಟ್ಟು 'ನಟ್ಟನಡುವೆ ಒಂದು ಚುಕ್ಕೆ ಇದೆ' ಎಂದು ಊಹಿಸಿ ಈ ಯಂತ್ರವನ್ನು ತಿರುಗಿಸಿದರೆ, ನಟ್ಟನಡುವೆ ಒಂದು ಚುಕ್ಕೆ ಮೂಡುತ್ತದೆ. ಯಾರೂ ಏನನ್ನೂ ರಬ್ಬರಿನಿಂದ ಅಳಿಸಿರುವುದಿಲ್ಲ. ಪ್ರತಿ ಹೆಜ್ಜೆಯೂ ಶಾಸ್ತ್ರೋಕ್ತ. ಆದರೂ ಅದು 'ಹಿಂದಿನಿಂದ ಬಾರೋ' ಎಂಬುದೇ. ನನ್ನ ಲ್ಯಾಬಿನ ಕಥೆಯಲ್ಲಿ ಕಳ್ಳ ಯಾರೆಂದು ಗೊತ್ತಿತ್ತು. ಇಲ್ಲಿ ಪ್ರಾಮಾಣಿಕ ಮನುಷ್ಯನೊಬ್ಬ ಹಗಲಿಡೀ ಪ್ರಾಮಾಣಿಕವಾಗಿ ಕೆಲಸ ಮಾಡಿ ಸಂಜೆಗೆ ತನ್ನ ಆಸೆಯನ್ನೇ ಆಕಾಶದಲ್ಲಿ ಕಂಡು ಮನೆಗೆ ಹೋಗಬಹುದು. ಒಳ್ಳೆಯತನ ಇಲ್ಲಿ ಸಾಲುವುದಿಲ್ಲ ಎಂಬ ಮಾತು ನಮ್ಮಂಥವರಿಗೆ ಒಪ್ಪಲು ಕಷ್ಟ. ಮನಸ್ಸು ಶುದ್ಧವಾಗಿದ್ದರೆ ಕಣ್ಣೂ ಶುದ್ಧ ಎಂದು ನಂಬಿ ಬೆಳೆದವರು ನಾವು.

ಈ ಭಯವನ್ನು ಗಂಭೀರವಾಗಿ ತೆಗೆದುಕೊಂಡವರ ಒಂದು ಉದಾಹರಣೆ ಎಲ್ಲರಿಗೂ ಗೊತ್ತಿರುವ ಕಪ್ಪುಕುಳಿಯ ಚಿತ್ರ. 2017ರ ಏಪ್ರಿಲ್‌ನಲ್ಲಿ ಎಂಟು ದೂರದರ್ಶಕಗಳು ಸೇರಿ ನೋಡಿದವು. ದಕ್ಷಿಣ ಧ್ರುವದ್ದಕ್ಕೆ ಎಂ87 ನಕ್ಷತ್ರಪುಂಜ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಏಳೇ. ಸಾಕ್ಷಿಗಳು ಕಡಿಮೆ, ಆಸೆ ದೊಡ್ಡದು. ಅವರು ಚಿತ್ರ ಮಾಡುವವರನ್ನು ನಾಲ್ಕು ತಂಡಗಳಾಗಿ ಒಡೆದರು. ವಾರಗಟ್ಟಲೆ ಒಂದು ತಂಡ ಇನ್ನೊಂದರ ಜೊತೆ ಈ ವಿಷಯ ಮಾತಾಡುವಂತಿರಲಿಲ್ಲ. 2018ರ ಜುಲೈನಲ್ಲಿ ನಾಲ್ಕು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಾಲ್ಕರಲ್ಲೂ ಉಂಗುರವಿತ್ತು. ಅದಾದ ಮೇಲೆಯೂ, ಉಂಗುರ, ಅರ್ಧಚಂದ್ರ, ತುಂಬಿದ ಬಿಲ್ಲೆ, ಎರಡು ಚುಕ್ಕೆ ಹೀಗೆ ಬೇರೆ ಬೇರೆ ಕೃತಕ ಆಕಾಶಗಳನ್ನು ತಮ್ಮ ಲೆಕ್ಕದ ಯಂತ್ರಕ್ಕೆ ಕೊಟ್ಟು, ಬಿಲ್ಲೆಯನ್ನು ಕೊಟ್ಟಾಗ ಬಿಲ್ಲೆಯನ್ನೇ, ಚುಕ್ಕೆಗಳನ್ನು ಕೊಟ್ಟಾಗ ಚುಕ್ಕೆಗಳನ್ನೇ ತೋರಿಸುವ ಕ್ರಮಗಳನ್ನು ಮಾತ್ರ ಉಳಿಸಿಕೊಂಡರು. ಹವಾಯಿಯಲ್ಲಿ ಎರಡು, ಚಿಲಿಯಲ್ಲಿ ಎರಡು ದೂರದರ್ಶಕಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿದ್ದವು. ಚಿತ್ರದ ವಿವರಕ್ಕೆ ಅವು ಸೇರಿಸುವುದು ಅಲ್ಪ. ಆದರೆ ಪಕ್ಕಪಕ್ಕದ ಇಬ್ಬರು ಮತ್ತು ದೂರದ ಮೂರನೆಯವರ ಸುತ್ತಿನ ಮೊತ್ತ ಸೊನ್ನೆ ಬರಲೇಬೇಕಾದ್ದರಿಂದ, ಬರದಿದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿಯುತ್ತದೆ. ಚಿತ್ರ 2019ರ ಏಪ್ರಿಲ್ 10ರಂದು ಹೊರಬಂತು. ದತ್ತಾಂಶವನ್ನೂ ಬಿಡುಗಡೆ ಮಾಡಿದರು. 2022ರಲ್ಲಿ ಜಪಾನಿನ ಕೆಲವು ಸಂಶೋಧಕರು ಅದೇ ದತ್ತಾಂಶವನ್ನು ಬೇರೆ ರೀತಿಯಲ್ಲಿ ಲೆಕ್ಕ ಹಾಕಿ, ಉಂಗುರ ನಿಜವಲ್ಲ, ಸೀಮಿತ ಜಾಗದೊಳಗೇ ಹುಡುಕಿದ್ದರ ಫಲ ಎಂದು ವಾದಿಸಿದರು. ಮೂಲ ತಂಡ ಅದನ್ನು ಒಪ್ಪಲಿಲ್ಲ, ಉತ್ತರ ಕೊಟ್ಟಿತು. ನನಗೆ ಮೂಲ ತಂಡದ ವಾದವೇ ಬಲವಾಗಿ ಕಾಣುತ್ತದೆ. ಆದರೂ ಎದುರು ವಾದಿಸಲು ಬೇಕಾದದ್ದನ್ನು ಎದುರಾಳಿಯ ಕೈಗೆ ಇವರೇ ಕೊಟ್ಟಿದ್ದರಲ್ಲ, ಅದನ್ನು ಓದುವಾಗ ನನ್ನ ರೆಕಾರ್ಡು ಬುಕ್ಕಿನ ನೆನಪಾಗಿ ಸಂಕೋಚವಾಯಿತು.

ಒಂಟಿ ಆಂಟೆನಾ ಮಾತ್ರ ಇದ್ದರೆ ಏನು ಮಾಡುವುದು? ವ್ಯೂಹವಿಲ್ಲ, ಮೂರನೆಯ ಸಾಕ್ಷಿ ಇಲ್ಲ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಕುರುಹು ಇಡೀ ಆಕಾಶದಲ್ಲಿ ಸಮವಾಗಿ ಹರಡಿರಬೇಕು. ಮೊದಲೇ ಹೇಳಿದಂತೆ, ಅಂಥ ನಯವಾದದ್ದಕ್ಕೆ ದೂರದೂರ ನಿಂತ ವ್ಯೂಹ ಕುರುಡು. ಅದನ್ನು ಹುಡುಕಲು ಸಾಮಾನ್ಯವಾಗಿ ಒಂಟಿ ಆಂಟೆನಾವನ್ನೇ ಬಳಸುತ್ತಾರೆ. 2018ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಮರಳುನೆಲದಲ್ಲಿದ್ದ ಎಡ್ಜಸ್ ಎಂಬ ಉಪಕರಣ 78 ಮೆಗಾಹರ್ಟ್ಜ್ ಹತ್ತಿರ ಆ ಕುರುಹು ಕಂಡಿತೆಂದು ಹೇಳಿತು. ಕಂಡದ್ದು ನಿರೀಕ್ಷೆಗಿಂತ ಎರಡು ಪಟ್ಟಿಗೂ ಹೆಚ್ಚು ಆಳವಾಗಿತ್ತು. ಅದು ನಿಜವಾದರೆ ಭೌತಶಾಸ್ತ್ರದಲ್ಲಿ ಹೊಸದೇನೋ ಬೇಕು. ಕಪ್ಪುದ್ರವ್ಯದ ಕುರಿತು ಹಲವು ಊಹೆಗಳು ಹೊರಟವು. ಎಡ್ಜಸ್ ತಂಡ ಅಸಡ್ಡೆಯಿಂದ ಹೇಳಿದ್ದಲ್ಲ, ಆಂಟೆನಾವನ್ನು ತಿರುಗಿಸಿ, ಬೇರೆ ಉಪಕರಣದಲ್ಲಿ ನೋಡಿ, ಹಲವು ರೀತಿ ಪರೀಕ್ಷಿಸಿದ್ದರು. ಆದರೆ ಎಲ್ಲವೂ ನಿಂತದ್ದು ಒಂದೇ ನೆಲದ ಮೇಲೆ.

ಹಿಂದೆ ಸಂತೆಯಲ್ಲಿ ತಕ್ಕಡಿಯ ತಟ್ಟೆಯಡಿ ಹುಣಸೆಹಣ್ಣು ಅಂಟಿಸಿದ್ದಾರೆಂದು ಅನುಮಾನ ಬಂದರೆ, ಅನುಭವಿಗಳು ಸಾಮಾನನ್ನೂ ಕಲ್ಲನ್ನೂ ಅದಲುಬದಲು ಮಾಡಿ ಇಡಲು ಹೇಳುತ್ತಿದ್ದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಮಾಡಿದ್ದು ಹೆಚ್ಚುಕಡಿಮೆ ಅದೇ. ಮಣ್ಣು ಪದರ ಪದರವಾಗಿರುತ್ತದೆ, ತೇವ ಒಂದೊಂದು ಕಡೆ ಒಂದೊಂದು ರೀತಿ. ಅದರಿಂದ ಹಿಂದಿರುಗುವ ಅಲೆ ಆಂಟೆನಾಗೆ ಹೊಕ್ಕು ಆಕಾಶದ ವೇಷ ಹಾಕಬಲ್ಲದು. ನೀರು ಹಾಗಲ್ಲ, ಎಲ್ಲ ಕಡೆ ಒಂದೇ. ಅವರು ತಮ್ಮ ಸಾರಸ್ 3 ಆಂಟೆನಾವನ್ನು ತೆಪ್ಪದ ಮೇಲಿಟ್ಟು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಟ್ಟರು. 2022ರ ಫೆಬ್ರವರಿಯಲ್ಲಿ ಫಲಿತಾಂಶ ಪ್ರಕಟವಾಯಿತು: ಎಡ್ಜಸ್ ಹೇಳಿದ ಆಕಾರದ ಕುರುಹು ಇಲ್ಲಿ ಕಾಣಲಿಲ್ಲ, 95.3 ಶೇಕಡಾ ಭರವಸೆಯಿಂದ ಅದನ್ನು ತಳ್ಳಿಹಾಕಬಹುದು.

ಆ 95.3 ನನಗೆ ಮುಖ್ಯ. ವಿಜ್ಞಾನಿಗಳ ಲೆಕ್ಕದಲ್ಲಿ ಇದು ಭಾರಿ ಭರವಸೆಯೇನಲ್ಲ. 'ಸುಳ್ಳೆಂದು ಸಾಬೀತಾಯಿತು' ಎಂದು ಬರೆದಿದ್ದರೆ ಪತ್ರಿಕೆಗಳಿಗೆ ಇನ್ನೂ ಖುಷಿಯಾಗುತ್ತಿತ್ತು. ದಶಾಂಶದ ಆ 3 ಕೂಡ ಬಿಡದೆ ಬರೆದವರ ಬಗ್ಗೆ ನನಗೆ ಗೌರವ. ಮೊದಲ ನಕ್ಷತ್ರಗಳ ಕುರುಹನ್ನು ಎಲ್ಲರೂ ಒಪ್ಪುವಂತೆ ಇನ್ನೂ ಯಾರೂ ಕಂಡಿಲ್ಲ. ಅದೇ ಸಂಸ್ಥೆಯವರು ಪ್ರತುಷ್ ಎಂಬ ಉಪಕರಣವನ್ನು ಚಂದ್ರನ ಸುತ್ತ ಕಳಿಸುವ ಯೋಜನೆ ಹಾಕಿಕೊಂಡಿದ್ದಾರೆ. ಚಂದ್ರನ ಹಿಂಬದಿಯಲ್ಲಿ ನಮ್ಮ ಎಫ್‌ಎಂ ಹಾಡುಗಳು ತಲುಪುವುದಿಲ್ಲ, ಆಂಟೆನಾದ ಅಡಿಗೆ ಮಣ್ಣೂ ಇರುವುದಿಲ್ಲ. ಅಲ್ಲಿಗೆ ಒಯ್ಯುವ ಪೆಟ್ಟಿಗೆಗಳ ಸ್ವಂತ ಗದ್ದಲವನ್ನು ಏನು ಮಾಡುವುದು ಎಂಬುದು ಆಗಿನ ತಲೆನೋವು.

ನನ್ನ ರೆಕಾರ್ಡು ಬುಕ್ಕು ಮನೆ ಬದಲಿಸುವಾಗ ಎಲ್ಲೋ ಹೋಯಿತು. ಸಿಕ್ಕಿದ್ದರೆ ಆ ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದೆ. ನಾನು ಪೆನ್ಸಿಲನ್ನು ಒತ್ತಿ ಬರೆಯುವವನು, 40.1ರ ಅಡಿಯಲ್ಲಿ 38.1ರ ಗೆರೆ ಇನ್ನೂ ಉಳಿದಿರಬಹುದು.